ಅಣ್ಣನ ಪಾಲಿಗೆ ಬಂದ ಅಂಕಿಗಳು

ನಮ್ಮ ಮನೆ ಪಾಲಾದಾಗ ನಮ್ಮಣ್ಣ ನಾಲೆ ಬಯಲಿನ ಗದ್ದೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ತಾನು ಐದು ಡಾಟ್ ಕಾಮ್‌ಗಳನ್ನು ಇಟ್ಟುಕೊಂಡ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ಅವನು ನನ್ನ ಅಣ್ಣನಾಗಿರದೆ ಪಕ್ಕದ ಊರಿನ ಇನ್ಯಾರೋ ಆಗಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ನಮ್ಮ ಊರು ಪಾಂಡವಪುರಕ್ಕೆ ಹತ್ತಿರ, ನಾಲೆಯ ಕೆಳಗೆ. ನಾನು ಮದುವೆಯಾಗಿ ನಾಗಮಂಗಲದ ಕಡೆ ಹೋಗಿ, ಹೊಣಕೆರೆಯ ಶಾಲೆಯಲ್ಲಿ ಟೀಚರಾಗಿದ್ದೆ. ಅಪ್ಪ ತೀರಿಹೋಗಿ ಕೆಲವು ವರ್ಷ ಆಗಿತ್ತು. ಊರಿನ ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು, ಆಮೇಲೆ ನನ್ನ ತಮ್ಮನ ಸಂಸಾರ, ಎಲ್ಲ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ತಮ್ಮ ಬೇಸಾಯ ನೋಡಿಕೊಳ್ಳುತ್ತಿದ್ದ. ಅಣ್ಣ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ. ಪಿಯುಸಿವರೆಗೆ ಓದಿದವನು, ಬಿಳಿ ಶರಟಿನ ಮೇಲೆ ಮಣ್ಣು ತಾಗಿಸಿಕೊಳ್ಳದವನು, ಮಾತು ಕಡಿಮೆ. ಆದರೆ ಏನಾದರೊಂದು ತಲೆಗೆ ಹೊಕ್ಕಿತೆಂದರೆ ಅದನ್ನು ಯಾರೂ ಈಚೆಗೆ ತೆಗೆಯುವಂತಿರಲಿಲ್ಲ.

ಅವನ ತಲೆಗೆ ಈ ಹುಳ ಬಿಟ್ಟವನು ಒಬ್ಬ ವಿದೇಶಿ ಪ್ರವಾಸಿ. ಗಂಜಾಂ ಕಡೆ ಸುತ್ತಾಡಿಕೊಂಡು ಬಂದವನು ಅಣ್ಣನ ಬೂತಿಗೆ ನುಗ್ಗಿ, ತನ್ನ ದೇಶದ ಯಾವುದೋ ಕಚೇರಿಗೆ ಫೋನ್ ಮಾಡಬೇಕು ಅಂದ. ನಂಬರು ಕೊಡಿ ಅಂದರೆ ಒಂದಿಷ್ಟು ಅಂಕಿ ಹೇಳಿ, ಆಮೇಲೆ ಒಂದು ಇಂಗ್ಲಿಷ್ ಪದ ಹೇಳಿದನಂತೆ. ಅಣ್ಣ ತಬ್ಬಿಬ್ಬಾದ. ಆ ಮನುಷ್ಯ ಫೋನಿನ ಗುಂಡಿಗಳನ್ನು ತೋರಿಸಿದ. ಒಂದೊಂದು ಅಂಕಿಯ ಪಕ್ಕದಲ್ಲೂ ಇರುವೆಯಷ್ಟು ಸಣ್ಣದಾಗಿ ಮೂರು ಮೂರು ಇಂಗ್ಲಿಷ್ ಅಕ್ಷರ ಇದ್ದವು. ದಿನಾ ಮುಟ್ಟುವ ಫೋನು. ಅಣ್ಣ ಒಂದು ದಿನವೂ ಅದನ್ನು ಗಮನಿಸಿರಲಿಲ್ಲ. ಪದದ ಅಕ್ಷರ ಯಾವ ಗುಂಡಿಯ ಮೇಲಿದೆಯೋ ಆ ಗುಂಡಿ ಒತ್ತಿದರೆ ಅದೇ ನಂಬರು. ಅವರ ದೇಶದಲ್ಲಿ ಜನ ನಂಬರು ನೆನಪಿಟ್ಟುಕೊಳ್ಳುವುದೇ ಹೀಗಂತೆ.

ಅದಾದ ಮೇಲೆ ನಾನು ತೌರಿಗೆ ಬಂದಾಗ ಅಣ್ಣ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದ. ಹಾಲು ಅಂತ ಇಂಗ್ಲಿಷಿನಲ್ಲಿ ಬರೆದು ಗುಂಡಿ ಒತ್ತಿದರೆ 4258. ಬೆಲ್ಲ 23552. ರಾಗಿ 7244. ಭತ್ತ, ನಮ್ಮವರು ಬತ್ತ ಅನ್ನುವ ಹಾಗೆ ಬರೆದರೆ, 22882. ಮನೆ 6263. ನಾನು, ಸರಿ, ಮಕ್ಕಳಿಗೆ ಆಟ ಆಡಿಸುವುದಕ್ಕೆ ಚೆನ್ನಾಗಿದೆ ಅಂದೆ. ಅವನು ನನ್ನನ್ನು ಮರುಕದಿಂದ ನೋಡಿದ. ಆ ಮರುಕ ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಷ್ಟರಲ್ಲಿ ಮೈಸೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬನ ಪರಿಚಯವಾಗಿತ್ತು. ಇಂಟರ್ನೆಟ್ ಅಂತ ಬಂದಿದೆ, ಅದರಲ್ಲಿ ಒಂದು ಹೆಸರನ್ನು ಯಾರು ಮೊದಲು ಹಿಡಿಯುತ್ತಾರೋ ಅದು ಅವರದು, ಅಮೆರಿಕದಲ್ಲಿ ಒಳ್ಳೊಳ್ಳೆ ಹೆಸರು ಹಿಡಿದಿಟ್ಟುಕೊಂಡು ಆಮೇಲೆ ಕೋಟಿಗಟ್ಟಲೆಗೆ ಮಾರುತ್ತಾರೆ ಅಂತ ಅವನು ಹೇಳಿದ್ದ. ಸುಳ್ಳೇನೂ ಅಲ್ಲ. ಒಳ್ಳೆಯ ಪದಗಳೆಲ್ಲ ಆಗಲೇ ಹೋಗಿವೆ ಅಂತಲೂ ಅವನೇ ಹೇಳಿದ್ದ. ನಮ್ಮಣ್ಣ ಎರಡನ್ನೂ ಗಂಟು ಹಾಕಿದ. ಪದಗಳು ಹೋಗಿದ್ದರೆ ಹೋಗಲಿ, ಅಂಕಿಗಳು ಇವೆಯಲ್ಲ! ಅಂಕಿಯಲ್ಲೇ ನಮ್ಮ ಪದಗಳನ್ನು ಹಿಡಿದಿಟ್ಟರೆ?

ಅವ್ವ ಅಲ್ಲೇ ಹಿಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಣ್ಣ ಅವಳ ಕಡೆ ಕೈ ತೋರಿಸಿ ನನಗೆ ಹೇಳಿದ.

"ನೋಡಮ್ಮಿ, ಅವ್ವಂಗೆ ಎಬಿಸಿಡಿ ಬರಾಕಿಲ್ಲ. ಆದ್ರೆ ನಾಕು, ಎಲ್ಡು, ಐದು, ಎಂಟು ಅಂದ್ರೆ ಒತ್ತಾಳೋ ಇಲ್ವೋ?"

"ಒತ್ತಾಳೆ."

"ಓದಿದೋರಿಗೆ ಅದು ಹಾಲು ಅಂತ ಕಾಣ್ತದೆ. ಓದ್ದೇ ಇರೋರಿಗೆ ಅಂಕಿ ಅಂತ ಕಾಣ್ತದೆ. ಬಾಗ್ಲು ಒಂದೇ ಕಣಮ್ಮಿ."

"ಬಾಗ್ಲು ತೆಗುದ್ರೆ ಒಳಗೇನದೆ?"

"ಈಗೇನೂ ಇಲ್ಲ. ಮುಂದೆ ನೋಡ್ತಿರು. ಜನ ಫೋನಲ್ಲೇ ಹಾಲು, ಬೆಲ್ಲ, ರಾಗಿ ಎಲ್ಲಾ ತರಿಸ್ಕತಾರೆ. ಆಗ ಈ ಎಸ್ರು ಬೇಕು ಅಂತ ದೊಡ್ಡ ದೊಡ್ಡೋರು ನಮ್ಮನೆ ಮುಂದೆ ಕಾರು ನಿಲ್ಸ್ತಾರೆ."

ಎಂಥ ಹುಚ್ಚು ಅಂದುಕೊಂಡೆ. ಈಗ ಎಲ್ಲರೂ ಫೋನಿನಲ್ಲೇ ಹಾಲು ತರಿಸಿಕೊಳ್ಳುವುದನ್ನು ನೋಡುವಾಗ, ಅವನ ಮಾತು ಅರ್ಧ ನಿಜವೇ ಆಗಿತ್ತಲ್ಲ ಅಂತ ಸಂಕಟವಾಗುತ್ತದೆ. ಆದರೆ ಮಿಕ್ಕ ಅರ್ಧ ಇತ್ತಲ್ಲ, ಅದು ನಮ್ಮನ್ನು ತಿಂದುಹಾಕಿತು.

4258 ಡಾಟ್ ಕಾಮ್, 23552 ಡಾಟ್ ಕಾಮ್, ಹೀಗೆ ಐದು ಹೆಸರುಗಳನ್ನು ಅವನು ಮೈಸೂರಿನ ಅಂಗಡಿಯವನ ಕೈಯಲ್ಲೇ ರಿಜಿಸ್ಟರ್ ಮಾಡಿಸಿದ. ಡಾಲರಿನಲ್ಲಿ ಕಟ್ಟಬೇಕಾದ ದುಡ್ಡನ್ನು ಹೇಗೋ ಅವನೇ ಕಟ್ಟಿಸಿಕೊಟ್ಟ. ಐದು ಹಾಳೆ ಪ್ರಿಂಟ್ ತೆಗೆದುಕೊಟ್ಟ. ಅಣ್ಣ ಅವನ್ನು ಲ್ಯಾಮಿನೇಷನ್ ಮಾಡಿಸಿ ಅಪ್ಪನ ಕಾಲದ ಟ್ರಂಕಿನಲ್ಲಿ ಜಮೀನಿನ ಪತ್ರಗಳ ಜೊತೆ ಮಡಗಿದ. ಅವನ ಮನಸ್ಸಿನಲ್ಲಿ ಎರಡೂ ಒಂದೇ ಜಾತಿಯ ಕಾಗದ. ರಿಜಿಸ್ಟರ್ ಆಯಿತು ಅಂದರೆ ಮುಗಿಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೂ ಅದು ನಮ್ಮದು. ನಮ್ಮ ಕಡೆಯವರಿಗೆ ರಿಜಿಸ್ಟರ್ ಅನ್ನುವ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ನಾನೂ ಹಾಗೆಯೇ ತಿಳಿದಿದ್ದೆ.

ಇದಕ್ಕೆ ಹೋದದ್ದು ಆ ವರ್ಷದ ಕಬ್ಬಿನ ದುಡ್ಡು. ಬೂತಿನ ವ್ಯವಹಾರದ ಜೊತೆಗೆ ಮನೆಯ ದುಡ್ಡೂ ಅಣ್ಣನ ಕೈಯಲ್ಲೇ ಇರುತ್ತಿತ್ತು. ತಮ್ಮ ಬಾಯಿಬಿಟ್ಟು ಕೇಳುವವನಲ್ಲ. ಆ ಸಲ ಕೇಳಿದ. ಅಣ್ಣ ಟ್ರಂಕು ತೆಗೆದು ಹಾಳೆಗಳನ್ನು ತೋರಿಸಿದ. ತಮ್ಮ ಅವನ್ನು ತಿರುಗಿಸಿ ಮುರುಗಿಸಿ ನೋಡಿ, ವಾಪಸ್ಸು ಕೊಟ್ಟು, ಎತ್ತಿಗೆ ಹುಲ್ಲು ಹಾಕುವುದಕ್ಕೆ ಹೋದನಂತೆ. ಸಾಯಂಕಾಲ ಅವ್ವನ ಹತ್ತಿರ ಬಂದು, "ಪಾಲು ಮಾಡ್ಬುಡವ್ವ" ಅಂದ. ಇದನ್ನೆಲ್ಲ ಹೇಳಿದವಳು ಅತ್ತಿಗೆ.

ಪಾಲಿನ ದಿನ ಹೆಣ್ಣುಮಗಳು ಅಂತ ನನ್ನದೂ ಒಂದು ರುಜು ಬೇಕಿತ್ತು. ನಾಗಮಂಗಲದಿಂದ ಬೆಳಗಿನ ಬಸ್ಸಿಗೆ ಹೊರಟು ಬಂದೆ. ಜಗಲಿಯ ಮೇಲೆ ಊರಿನ ಹಿರಿಯರು ಕೂತಿದ್ದರು. ಮಧ್ಯದಲ್ಲಿ ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಲು ಹಾಕುವವನು ದೊಡ್ಡವನು, ಮೊದಲು ಆರಿಸಿಕೊಳ್ಳುವವನು ಚಿಕ್ಕವನು. ಒಂದು ಕಡೆ ಹೆಚ್ಚು ಮಾಡಿದರೆ ಚಿಕ್ಕವನು ಅದನ್ನೇ ಎತ್ತಿಕೊಂಡುಬಿಡುತ್ತಾನೆ ಅನ್ನುವ ಭಯಕ್ಕೆ ದೊಡ್ಡವನು ಸಮನಾಗಿ ಹಾಕುತ್ತಾನೆ ಅನ್ನುವುದು ಅದರ ಲೆಕ್ಕ. ತುಂಬ ಜಾಣರು ಮಾಡಿದ ಪದ್ಧತಿ. ನಮ್ಮಣ್ಣನಂಥವನು ಹುಟ್ಟುತ್ತಾನೆ ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅಣ್ಣ ಮೊದಲು ಹಾಕಿದ್ದು ಹೀಗೆ: ನಾಲೆ ಬಯಲಿನ ಗದ್ದೆ ಒಂದು ಪಾಲು. ಮೇಲಿನ ಕಲ್ಲುಹೊಲ, ಐದು ಹೆಸರು ಇನ್ನೊಂದು ಪಾಲು. ತೆಂಗಿನ ಮರ, ಬೋರ್‌ವೆಲ್ಲು, ಹಸು, ಕೊಟ್ಟಿಗೆ, ಇವನ್ನು ಎರಡು ಕಡೆಗೂ ಹಂಚಿದ.

ತಮ್ಮ ಮಾತಾಡಲಿಲ್ಲ. ನೆಲ ನೋಡುತ್ತಾ ಕೂತ. ಅವನು ಬೆಪ್ಪಾಗಿದ್ದ, ಅಷ್ಟೆ. ಗದ್ದೆಗೆ ಎದುರಾಗಿ ಕಾಗದ ಇಟ್ಟಿದ್ದಾನೆ ಅಂದರೆ ಇದರಲ್ಲಿ ಏನೋ ಇದೆ ಅಂತ ಅನುಮಾನವೂ ಬಂದಿರಬೇಕು. ಆದರೆ ಅಣ್ಣ ಆ ಮೌನವನ್ನು ಬೇರೆ ಥರ ತಿಳಿದುಕೊಂಡ. ತಮ್ಮನಿಗೆ ಹೆಸರುಗಳ ಮೇಲೆ ಕಣ್ಣು ಬಿದ್ದಿದೆ, ಅವನ್ನೇ ಎತ್ತಿಕೊಳ್ಳುತ್ತಾನೆ ಅಂತ ಅವನಿಗೆ ಹೆದರಿಕೆಯಾಯಿತು. ನಾನು ಎದುರಿಗೇ ನಿಂತಿದ್ದೆ. ಅಣ್ಣನ ಹಣೆಯ ಮೇಲೆ ಬೆವರು ಕಿತ್ತುಕೊಂಡಿದ್ದು ಕಣ್ಣಾರೆ ಕಂಡೆ.

"ಇರು ಇರು, ತೆಂಗಿನ ಮರ ಎಲ್ಲಾ ಗದ್ದೆ ಕಡೀಕೇ ಇರ್ಲಿ" ಅಂದ.

ತಮ್ಮ ತಲೆ ಎತ್ತಲಿಲ್ಲ.

"ಬೋರ್‌ವೆಲ್ಲೂ ಅತ್ಲಾಗೇ ಇರ್ಲಿ."

ದೊಡ್ಡಪ್ಪ ಬಾಯಲ್ಲಿದ್ದ ಎಲೆ‌ಅಡಿಕೆ ಉಗಿದು ಬಂದು, "ಲೇ, ನಿಂಗೇನಾರ ತಲೆ ಕೆಟ್ಟದಾ? ಇಂಗೆ ಆಕ್ಬುಟ್ರೆ ನಿಂಗೇನ್ಲಾ ಉಳೀತದೆ?" ಅಂದರು.

"ಇರ್ಲಿ ಬುಡಿ ದೊಡ್ಡಪ್ಪ. ಅಸಾ, ಕೊಟ್ಟಿಗೆನೂ ಅವ್ನ ಕಡೀಕೇ ಆಕಿ."

ಹಸುವೂ ಹೋಯಿತು, ಕೊಟ್ಟಿಗೆಯೂ ಹೋಯಿತು. ಬಾಗಿಲ ಹಿಂದೆ ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅವಳ ಅನ್ನ, ಅವಳ ಮಗಳ ಅನ್ನ ಕಣ್ಣೆದುರಿಗೇ ಜಗಲಿಯ ಆ ತುದಿಗೆ ಸರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಬುದ್ಧಿ ನೆಟ್ಟಗದಾ ನಿಂಗೆ?" ಅಂತ ಕೂಗಿದೆ.

"ಎಣ್ಮಕ್ಳು ಮಧ್ಯೆ ಬಾಯಾಕ್ಬಾರ್ದು, ಸುಮ್ನಿರವ್ವ" ಅಂದರು ದೊಡ್ಡಪ್ಪ. ಇಂಥ ಹೊತ್ತಿನಲ್ಲಿ ನಮ್ಮ ಹಿರಿಯರಿಗೆ ಪದ್ಧತಿ ಬಲು ಚೆನ್ನಾಗಿ ನೆನಪಾಗುತ್ತದೆ.

ತಮ್ಮ ಎದ್ದು ನಿಂತು, "ಗದ್ದೆ ನಂಗಿರ್ಲಿ" ಅಂದ. ಅಣ್ಣ ಉಸಿರು ಬಿಟ್ಟ. ಅವನ ಮುಖ ಎಷ್ಟು ಹಗುರಾಯಿತು ಅಂದರೆ, ಇನ್ನೇನು ನಕ್ಕೇಬಿಡುತ್ತಾನೆ ಅನ್ನಿಸಿತು. ಅವ್ವ ಎದ್ದು ಒಳಗೆ ಹೋದಳು. ನಾನು ರುಜು ಹಾಕಿದೆ.

ಪಾಂಡವಪುರದಲ್ಲಿ ಪಾಲುಪತ್ರ ಬರೆಸುವಾಗ ಬರೆಯುವವರು ಒಂದೊಂದಕ್ಕೂ ಚಕ್ಕುಬಂದಿ ಕೇಳಿದರು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಹೀಗೆ. ಗದ್ದೆಗೆ ಹೇಳಿದರು, ಹೊಲಕ್ಕೆ ಹೇಳಿದರು. ಹೆಸರುಗಳಿಗೆ ಪೂರ್ವಕ್ಕೆ ಏನಿದೆ ಅಂದರೆ ಅಣ್ಣ ಲ್ಯಾಮಿನೇಷನ್ ಹಾಳೆಗಳನ್ನು ಮುಂದಿಟ್ಟ. ಎಲ್ಲೆ ಇಲ್ಲದ ಆಸ್ತಿಯನ್ನು ಪತ್ರದಲ್ಲಿ ಸೇರಿಸುವುದಕ್ಕೆ ಬರುವುದಿಲ್ಲ ಅಂತ ಅವರು ಬಿಟ್ಟರು. ಹಾಗಾಗಿ ಸರ್ಕಾರದ ಕಾಗದದಲ್ಲಿ, ಅರ್ಧ ಮನೆ ಬಿಟ್ಟರೆ, ನಮ್ಮಣ್ಣನಿಗೆ ಬಂದದ್ದು ಹುರುಳಿಯೂ ಸರಿಯಾಗಿ ಬೆಳೆಯದ ಕಲ್ಲುಹೊಲ ಒಂದೇ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಬೂತಿಗೆ ಬೀಗ ಹಾಕಿ ಅವನು ಗಿರಾಕಿ ಹುಡುಕುತ್ತಾ ತಿರುಗಿದ. ಬೆಲ್ಲದ ಹೆಸರು ಮಾರುವುದಕ್ಕೆ ಕೆ.ಆರ್. ಪೇಟೆಯ ಒಬ್ಬ ಬೆಲ್ಲದ ವ್ಯಾಪಾರಿಯ ಹತ್ತಿರ ಹೋದನಂತೆ. ವ್ಯಾಪಾರಿ ಗೌರವವಾಗಿ ಕೂರಿಸಿ, ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, ಮೇಜಿನ ಮೇಲಿದ್ದ ಫೋನ್ ಎತ್ತಿ 23552 ಒತ್ತಿದ. ಅದು ಅದೇ ಊರಿನ ಯಾರದೋ ಮನೆಗೆ ಹೋಯಿತು. ಒಬ್ಬ ಹೆಂಗಸು ಎತ್ತಿಕೊಂಡು, "ಅವ್ರು ಮನೇಲಿಲ್ಲ, ತೋಟುಕ್ ಓಗವ್ರೆ" ಅಂದಳು. ವ್ಯಾಪಾರಿ ಫೋನಿಟ್ಟು ಅಣ್ಣನ ಮುಖ ನೋಡಿದ. ಇದು ಫೋನಿಗಲ್ಲ ಯಜಮಾನ್ರೇ, ಕಂಪ್ಯೂಟರಿಗೆ ಅಂತ ಅಣ್ಣ ಬಿಡಿಸಿ ಹೇಳಿದ. "ನನ್ನತ್ರ ಕಂಪ್ಯೂಟರ್ ಇಲ್ವಲ್ಲಪ್ಪ" ಅಂದನಂತೆ ವ್ಯಾಪಾರಿ. ಅಣ್ಣ ಇದನ್ನು ನನಗೆ ನಗುತ್ತಲೇ ಹೇಳಿದ.

ಬೂತು ಉಳಿಯಲಿಲ್ಲ. ಯಾವಾಗ ನೋಡಿದರೂ ಬೀಗ ಅಂತ ಜನ ಪಕ್ಕದ ಬೂತಿಗೆ ಹೋದರು. ಮಳಿಗೆಯವರು ಬಿಡಿಸಿಕೊಂಡರು. ಅತ್ತಿಗೆ ಕೂಲಿಗೆ ಹೊರಟಳು. ನಾಟಿ ಕಾಲದಲ್ಲಿ ಕರೆದ ಕಡೆಗೆಲ್ಲ ಹೋಗುತ್ತಿದ್ದಳು, ಕೊನೆಗೆ ತಮ್ಮನ ಗದ್ದೆಗೂ ಹೋದಳು. ಮೊನ್ನೆ ಮೊನ್ನೆಯವರೆಗೆ ಆಳುಗಳಿಗೆ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದ ಬದುವಿನ ಮೇಲೆ ಆಳಾಗಿ ನಡೆದಳು. ತಮ್ಮ ಕೆಟ್ಟವನಲ್ಲ, ಕೂಲಿ ಜಾಸ್ತಿಯೇ ಕೊಟ್ಟ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಮಗಳು ಹತ್ತನೆಯ ತರಗತಿ ಪಾಸಾದ ಮೇಲೆ ಓದು ಬಿಡಿಸಿದರು. ನಾನು ಹೊಣಕೆರೆಗೆ ಕರೆದುಕೊಂಡು ಹೋಗಿ ಓದಿಸುತ್ತೇನೆ ಅಂದೆ. "ಅವ್ಳೂ ಓಗ್ಬುಟ್ರೆ ನಾ ಯಾರ ಮಖ ನೋಡ್ಕಂಡಿರ್ಲಿ?" ಅಂದಳು ಅತ್ತಿಗೆ. ಗಂಜಾಂಗೆ ಹೋಗಿ ನಿಮಿಷಾಂಬೆಗೆ ಹರಕೆ ಕಟ್ಟಿಕೊಂಡು ಬಂದಿದ್ದಳು. ಏನಂತ ಕೇಳಿಕೊಂಡೆ ಅಂದರೆ, "ಅದೇನೋ ಅಂಕಿ ಮಾರಾಟ ಆಗ್ಲಿ ಅಂತ" ಅಂದಳು. ಅಷ್ಟೆಲ್ಲ ಆದ ಮೇಲೂ ಅವಳು ಗಂಡನ ಪರವಾಗಿಯೇ ಕೇಳಿಕೊಂಡಿದ್ದಳು.

ಅಣ್ಣನಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ತಮ್ಮನಿಗೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿದ್ದ. ಅವನು ಎದುರಿಗೆ ಬಂದರೆ ಇವನು ಬೇರೆ ಓಣಿಗೆ ತಿರುಗುತ್ತಿದ್ದ. ಪಿತೃಪಕ್ಷದಲ್ಲಿ ಅಪ್ಪನ ಎಡೆಗೆ ತಮ್ಮನ ಮನೆಗೆ ಬಂದವನು ಕೈಮುಗಿದು, ಊಟಕ್ಕೆ ಕೂರದೆ ಹೊರಟ. ಆದರೆ ಕೈಯಲ್ಲಿ ನಾಲ್ಕು ಕಾಸಿದ್ದರೆ ತನ್ನ ಮಗಳಿಗಿಂತ ಮೊದಲು ತಮ್ಮನ ಮಕ್ಕಳಿಗೆ ಮಿಠಾಯಿ ತರುತ್ತಿದ್ದ. ಗದ್ದೆ ಕಳೆದುಕೊಂಡ ಅವಮಾನ, ಪಾಪ, ಅಂತ ನಾವೆಲ್ಲ ಮಾತಾಡಿಕೊಂಡೆವು.

ಎರಡು ವರ್ಷ ಕಳೆದಿರಬೇಕು. ಒಂದು ರಜೆಯಲ್ಲಿ ತೌರಿಗೆ ಹೋದಾಗ ಮನೆಯಲ್ಲಿ ರಾಗಿಹಿಟ್ಟು ಇರಲಿಲ್ಲ. ಅತ್ತಿಗೆ ನನ್ನ ಕಣ್ಣು ತಪ್ಪಿಸಿ ಪಕ್ಕದ ಮನೆಗೆ ಪಾತ್ರೆ ಹಿಡಿದುಕೊಂಡು ಹೋದದ್ದು ಕಂಡಿತು. ಅಣ್ಣ ಒಳಗೆ ಟ್ರಂಕಿನ ಮುಂದೆ ಕೂತು ಲ್ಯಾಮಿನೇಷನ್ ಹಾಳೆಗಳ ಧೂಳು ಒರೆಸುತ್ತಿದ್ದ. ನನ್ನ ಪಿತ್ತ ನೆತ್ತಿಗೇರಿತು.

"ನಿನ್ ಆಸ್ತಿ ಎಲ್ಲದೆ, ಈವತ್ತು ತೋರ್ಸು ನಂಗೆ. ನಡಿ ಮೈಸೂರ್ಗೆ. ಕಣ್ಣಲ್ಲಿ ನೋಡ್ದೆ ನಾನು ಬುಡಾಕಿಲ್ಲ" ಅಂತ ಹಾಳೆಗಳ ಸಮೇತ ಅವನನ್ನು ಎಬ್ಬಿಸಿಕೊಂಡು ಹೊರಟೆ. ಅವನು ಬೇಡ ಅನ್ನಲಿಲ್ಲ. ಒಗೆದ ಬಿಳಿ ಶರಟು ಹಾಕಿಕೊಂಡು ತಲೆ ಬಾಚಿಕೊಂಡ.

ಆ ಕಂಪ್ಯೂಟರ್ ಅಂಗಡಿ ಇದ್ದ ಜಾಗದಲ್ಲಿ ಪಾತ್ರೆ ಅಂಗಡಿ ಬಂದಿತ್ತು. ಅಂಗಡಿಯವನು ಎಲ್ಲಿ ಹೋದ ಅಂತ ಅಲ್ಲಿ ಯಾರಿಗೂ ತಿಳಿಯದು. ಅದೇ ಬೀದಿಯಲ್ಲಿ ಮುಂದೆ ಒಂದು ಇಂಟರ್ನೆಟ್ ಅಂಗಡಿ ಇತ್ತು. ಅಲ್ಲಿ ಕೂತಿದ್ದ ಹೆಣ್ಣುಮಗಳು ಹಾಳೆಗಳನ್ನು ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ಸ್ವಲ್ಪ ಹೊತ್ತು ಕಾದು, "ಸರ್, ಇದು ನಿಮ್ಮ ಹೆಸರಿನಲ್ಲಿ ಇಲ್ಲ" ಅಂದಳು.

"ರಿಜಿಸ್ಟ್ರಾಗದಲ್ಲಮ್ಮ" ಅಂದ ಅಣ್ಣ. ಹಾಳೆಯಲ್ಲಿ ತನ್ನ ಹೆಸರು ಇದ್ದ ಜಾಗದ ಮೇಲೆ ಬೆರಳಿಟ್ಟ.

"ಆಗಿತ್ತು ಸರ್. ಮೊದಲು ಎರಡು ವರ್ಷಕ್ಕೆ ಕೊಡ್ತಾರೆ, ಆಮೇಲೆ ವರ್ಷಾ ವರ್ಷಾ ಕಟ್ಟಬೇಕು. ಬಾಡಿಗೆ ಇದ್ದ ಹಾಗೆ. ಕಟ್ಟಿ ಅಂತ ಮೇಲ್ ಬಂದಿರುತ್ತಲ್ಲ?"

ಬಂದಿದ್ದರೂ ಅದು ಮುಚ್ಚಿಹೋದ ಅಂಗಡಿಯವನ ವಿಳಾಸಕ್ಕೆ ಬಂದಿರುತ್ತದೆ. ಅಣ್ಣನ ಬೆರಳು ಹಾಳೆಯ ಮೇಲೆಯೇ ಇತ್ತು. ನಾನು ಕೇಳಿದೆ, "ಹಾಗಾದರೆ ಈಗ ಯಾರ ಕೈಯಲ್ಲಿದೆ?" ಯಾರೋ ಕದ್ದಿದ್ದಾರೆ ಅಂತಾದರೂ ಹೇಳಲಿ, ಬಯ್ಯುವುದಕ್ಕೆ ಒಬ್ಬ ಸಿಗಲಿ ಅಂತ ನನ್ನ ಜೀವ ಹಾತೊರೆಯುತ್ತಿತ್ತು.

ಅವಳು ಐದನ್ನೂ ಒಂದೊಂದಾಗಿ ನೋಡಿದಳು. ಹಾಲು, ಬೆಲ್ಲ, ರಾಗಿ, ಭತ್ತ, ಮನೆ.

"ಯಾರ ಹತ್ತಿರಾನೂ ಇಲ್ಲ ಮೇಡಂ. ಎಲ್ಲಾ ಖಾಲಿ ಬಿದ್ದಿವೆ. ಯಾರೂ ತಗೊಂಡಿಲ್ಲ" ಅಂದಳು. ಆಮೇಲೆ ನಮಗೆ ಸಂತೋಷವಾಗಲಿ ಅಂತ, "ಬೇಕಾದರೆ ಮತ್ತೆ ಮಾಡಿಸಬಹುದು" ಅಂತಲೂ ಸೇರಿಸಿದಳು.

ಪಾಂಡವಪುರದ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಮೈಸೂರು ದಾಟುವ ತನಕ ನಾನು ಸದ್ದಿಲ್ಲದೆ ಅತ್ತೆ. ಅತ್ತಿಗೆಗೆ ಏನು ಹೇಳುವುದು? ಕಲ್ಲುಹೊಲ ಮಾರಿದರೂ ಮಗಳ ಮದುವೆಯ ಸೀರೆಗೂ ಆಗುವುದಿಲ್ಲ. ನಾಳೆಯಿಂದ ಈ ಮನುಷ್ಯ ಈ ಶರಟು ಬಿಚ್ಚಿಟ್ಟು ಕಬ್ಬು ಕಡಿಯುವವರ ಜೊತೆ ಹೋಗಬೇಕು, ಅದೂ ಬಗ್ಗಿ ಅಭ್ಯಾಸವಿಲ್ಲದ ಬೆನ್ನಿನಲ್ಲಿ. ಬೇರೆ ದಾರಿ ನನಗೆ ಕಾಣಲಿಲ್ಲ. ಆಮೇಲೂ ಯಾವುದೂ ಕಾಣಲಿಲ್ಲ. ಕೊನೆಗೆ ಅವನು ಹೋದದ್ದು ಆ ಕಬ್ಬು ಕಡಿಯುವ ಕೂಲಿಗೇ.

ಬಾಬುರಾಯನಕೊಪ್ಪಲಿನ ಹತ್ತಿರ ಅಣ್ಣ ಮಾತಾಡಿದ.

"ಯಾರೂ ತಗಂಡಿಲ್ವಂತಲ್ಲಮ್ಮಿ."

"ಇಲ್ಲ."

"ನಮ್ಮತ್ರ ಇದ್ದಾಗ್ಲೂ ಯಾರೂ ಕೇಳ್ನಿಲ್ಲ."

"ಇಲ್ಲ ಕಣಣ್ಣ."

"ಅಂದ್ರೆ ಅವಕ್ಕೆ ಬೆಲೆನೇ ಇರ್ನಿಲ್ಲ ಅನ್ನು."

ಮತ್ತೆ ಮಾಡಿಸುತ್ತೇನೆ ಅಂತ ಶುರು ಮಾಡುತ್ತಾನೆ ಅಂತ ನನಗೆ ಹೆದರಿಕೆಯಾಯಿತು. ಅದಕ್ಕೇ ಕಲ್ಲಿನ ಹಾಗೆ ಹೇಳಿದೆ, "ಇರ್ನಿಲ್ಲ. ಯಾವತ್ತೂ ಇರ್ನಿಲ್ಲ."

ಅವನು ನನ್ನ ಕಡೆ ಪೂರ್ತಿ ತಿರುಗಿದ. ಕಣ್ಣಲ್ಲಿ ನೀರು ತುಂಬಿತ್ತು.

"ಅಂಗಾದ್ರೆ ನಾನು ತಮ್ಮಂಗೆ ಮೋಸ ಮಾಡ್ನಿಲ್ಲ, ಅಲ್ವಾ? ಬರೀ ಗದ್ದೆ ತೋರ್ಸಿ, ಒಳ್ಳೇದ್ನೆಲ್ಲ ನಾನೇ ಎತ್ಕಂಬುಟ್ಟೆ ಅಂತ ಎಲ್ಡ್ ವರ್ಸದಿಂದ ಅನ್ನ ಗಂಟ್ಲಲ್ಲಿ ಇಳೀತಿರ್ನಿಲ್ಲ ಕಣಮ್ಮಿ."

"ಇಲ್ಲಣ್ಣ, ನೀನು ಮೋಸ ಮಾಡ್ನಿಲ್ಲ" ಅಂದೆ.

ಅವನು ಕಣ್ಣೊರೆಸಿಕೊಂಡು ಕಿಟಕಿಯ ಸರಳಿಗೆ ತಲೆಯಾನಿಸಿದ. ಸ್ವಲ್ಪ ಹೊತ್ತಿನಲ್ಲೇ ಗಾಢವಾಗಿ ನಿದ್ದೆ ಹೋಗಿದ್ದ. ನಮ್ಮ ಊರಿನ ಗೇಟಿನಲ್ಲಿ ಬಸ್ಸು ನಿಂತಾಗ ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ, ಆದರೂ ಎಬ್ಬಿಸಿದೆ.